ಇದ್ದಿಲಿನ ಬಾರ್ಬೆಕ್ಯೂ: ಯಾವುದು ಕೊಳ್ಳಬೇಕು, ಎಲ್ಲಿ ಇಡಬೇಕು?

ಯುಗಾದಿ ಹತ್ತಿರ ಬಂತು. ವರ್ಷತೊಡಕಿಗೆ ಈ ಸಲ ಮನೆಯಲ್ಲೇ ಇದ್ದಿಲ ಮೇಲೆ ಸುಡೋಣ ಅಂತ ಹೊರಟಿರುವವರು ಜಾಸ್ತಿ ಆಗಿದ್ದಾರೆ. ಮೈಸೂರು, ಮಂಡ್ಯ ಕಡೆಯ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಒಂದೇ ಥರದವನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಸರ್, ಕುವೆಂಪುನಗರದಲ್ಲಿ ನಮ್ಮದು ಸ್ವಂತ ಮನೆ, ಮೇಲೆ ತೆರೆದ ತಾರಸಿ ಇದೆ. ಮನೆಯಲ್ಲಿ ಐದು ಜನ. ತಿಂಗಳಿಗೊಂದು ಭಾನುವಾರ ಚಿಕನ್, ಮಟನ್ ಸುಡುವ ಆಸೆ. ಮಡಚಿಡುವ ಪೆಟ್ಟಿಗೆ ಥರದ್ದು ಎರಡು ಸಾವಿರದೊಳಗೆ ಸಿಗುತ್ತಿದೆ. ಮುಚ್ಚಳ ಇರುವ ದುಂಡನೆಯದಕ್ಕೆ ಅದರ ಎಷ್ಟೋ ಪಟ್ಟು ಹೇಳುತ್ತಾರೆ. ಅಷ್ಟು ಕೊಟ್ಟು ಮುಚ್ಚಳ ಇರೋದೇ ತಗೋಬೇಕಾ?

ನೀವು ಹೇಳಿದ ಬಳಕೆಗೆ ಮುಚ್ಚಳ ಬೇಕು. ಕಾರಣ ಹೇಳುತ್ತೇನೆ, ಅದು ಗೊತ್ತಾದರೆ ಅಂಗಡಿಯಲ್ಲಿ ನೀವೇ ಆರಿಸಬಹುದು.

ಗ್ಯಾಸ್ ಒಲೆಯಲ್ಲಿ ಉರಿ ಜಾಸ್ತಿ ಕಡಿಮೆ ಮಾಡಲು ತಿರುಗಣೆ ಇದೆ. ಇದ್ದಿಲಿಗೆ ಅಂಥದ್ದೇನೂ ಇಲ್ಲ. ಅದರ ಕಾವು ನಿಂತಿರುವುದು ಗಾಳಿಯ ಮೇಲೆ. ಗಾಳಿ ಚೆನ್ನಾಗಿ ಸಿಕ್ಕರೆ ಕೆಂಡ 700 ಡಿಗ್ರಿ ದಾಟುತ್ತದೆ. ಗಾಳಿ ಕಡಿಮೆಯಾದರೆ ಮಂಕಾಗುತ್ತದೆ, ಪೂರಾ ನಿಂತರೆ ಆರುತ್ತದೆ. ಹಾಗಾಗಿ ಬಾರ್ಬೆಕ್ಯೂ ಕೊಳ್ಳುವಾಗ ನೀವು ದುಡ್ಡು ಕೊಡುವುದು ಗಾಳಿಯ ಹಿಡಿತಕ್ಕೆ. ಕೆಳಗೊಂದು ಕಿಂಡಿ, ಮುಚ್ಚಳದಲ್ಲೊಂದು ಕಿಂಡಿ, ಎರಡಕ್ಕೂ ಜಾರುವ ತಗಡು. ಇಷ್ಟಿದ್ದರೆ ಹಿಡಿತ ನಿಮ್ಮ ಕೈಯಲ್ಲಿದೆ. ಮಡಚುವ ಪೆಟ್ಟಿಗೆಗಳಲ್ಲಿ ಬಹುಪಾಲು ಇದು ಇರುವುದಿಲ್ಲ. ಪಕ್ಕದಲ್ಲಿ ನಾಲ್ಕು ತೂತು ಹೊಡೆದಿರುತ್ತಾರೆ, ಅದನ್ನು ಮುಚ್ಚಲು ದಾರಿ ಇಲ್ಲ.

ದುಂಡನೆಯ ಮುಚ್ಚಳದ ಬಾರ್ಬೆಕ್ಯೂ ಹುಟ್ಟಿದ್ದೂ ಇದೇ ತಾಪತ್ರಯದಿಂದ. ಅಮೆರಿಕದ ಶಿಕಾಗೊ ಬಳಿ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್‌ಗೆ ತೆರೆದ ಒಲೆಯಲ್ಲಿ ಗಾಳಿ, ಮಳೆ, ಬೂದಿ ಸಾಕಾಗಿತ್ತು. ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲುವ ಬೋಯೆಗಳಿಗೆ ಲೋಹದ ಅರ್ಧಗೋಳಗಳನ್ನು ಮಾಡುತ್ತಿದ್ದರು. 1952ರಲ್ಲಿ ಅದರಲ್ಲೇ ಒಂದನ್ನು ಒಲೆ ಮಾಡಿ, ಇನ್ನೊಂದನ್ನು ಮುಚ್ಚಳ ಮಾಡಿದರು. ಇವತ್ತು ಯಾವ ಕಂಪನಿಯ ದುಂಡನೆ ಬಾರ್ಬೆಕ್ಯೂ ನೋಡಿದರೂ ಅದೇ ಆಕಾರ. ನಮ್ಮೂರಿನ ಆಷಾಢದ ಗಾಳಿಯಲ್ಲಿ ತಾರಸಿ ಮೇಲೆ ತೆರೆದ ಒಲೆ ಹಚ್ಚಿ ನೋಡಿದವರಿಗೆ ಮುಚ್ಚಳದ ಬೆಲೆ ಬೇರೆ ಹೇಳಬೇಕಾಗಿಲ್ಲ.

ಇನ್ನು ಮಟನ್ ವಿಷಯ. ನಮ್ಮ ಬನ್ನೂರು ಕುರಿಯ ಮಾಂಸದಲ್ಲಿ ಕೊಬ್ಬು ಚೆನ್ನಾಗಿರುತ್ತದೆ, ರುಚಿ ಇರುವುದೇ ಅದರಲ್ಲಿ. ಜಾಲರಿ ಮೇಲಿಟ್ಟ ಎರಡು ಮೂರು ನಿಮಿಷಕ್ಕೆ ಅಂಚಿನ ಕೊಬ್ಬು ಕನ್ನಡಿ ಥರ ಹೊಳೆಯಲು ಶುರುವಾಗುತ್ತದೆ. ಒಂದು ಹನಿ ಕೆಂಡಕ್ಕೆ ಬಿದ್ದರೆ ಚಟ್ ಅಂತ ಸದ್ದು, ಆಮೇಲೆ ಬಿಳಿ ಹೊಗೆ. ನಾಲ್ಕು ಹನಿ ಒಟ್ಟಿಗೆ ಬಿದ್ದರೆ ಹಳದಿ ಜ್ವಾಲೆ ಎದ್ದು ಮಾಂಸವನ್ನು ನೆಕ್ಕುತ್ತದೆ. ಹೊರಗೆ ಕರಿ ಮಸಿ, ಒಳಗೆ ಹಸಿ. ಈ ಮಸಿಯಲ್ಲಿ ದೇಹಕ್ಕೆ ಆಗದ ರಾಸಾಯನಿಕಗಳೂ ಇರುತ್ತವೆ, ಕಹಿಯೂ ಹೌದು. ಆಗ ಕೆಲವರು ನೀರು ಚಿಮುಕಿಸುತ್ತಾರೆ. ಬೇಡ, ಬೂದಿ ಎದ್ದು ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ. ಮುಚ್ಚಳ ಹಾಕಿ ಮೇಲಿನ ಕಿಂಡಿಯನ್ನು ಅರ್ಧ ಮುಚ್ಚಿದರೆ ಸಾಕು, ಜ್ವಾಲೆ ತಾನಾಗಿ ಕೂರುತ್ತದೆ.

ಇದಕ್ಕಿಂತ ಒಳ್ಳೆಯ ಉಪಾಯ ಕೆಂಡವನ್ನೆಲ್ಲ ಒಂದು ಕಡೆಗೆ ತಳ್ಳಿ, ಇನ್ನೊಂದು ಅರ್ಧ ಖಾಲಿ ಬಿಡುವುದು. ಕೆಂಡದ ಮೇಲೆ ಮಾಂಸಕ್ಕೆ ಬಣ್ಣ ಬರಿಸಿ. ಆಮೇಲೆ ಖಾಲಿ ಬದಿಗೆ ಸರಿಸಿ, ಮುಚ್ಚಳ ಹಾಕಿ, ನಿಧಾನಕ್ಕೆ ಬೇಯಲು ಬಿಡಿ. ಕಾಲಿನ ತುಂಡು, ಮೂಳೆ ಇರುವ ಮಟನ್, ಇಡೀ ಮೀನು ಇವೆಲ್ಲ ಒಳಗಿನವರೆಗೆ ಬೇಯುವುದು ಹೀಗೆಯೇ. ಇದನ್ನು ಮಾಡಲು ಜಾಗ ಬೇಕಲ್ವಾ? ಅದಕ್ಕೇ ಐದು ಜನಕ್ಕೆ 47 ಸೆಂಟಿಮೀಟರ್, ಅಂದರೆ ಹದಿನೆಂಟು ಇಂಚು ಅಡ್ಡಳತೆಯದ್ದು ಬೇಕು ಅನ್ನುತ್ತೇನೆ. ನೆಂಟರು ಬರುವ ಮನೆಯಾದರೆ 57 ಸೆಂಟಿಮೀಟರಿನದ್ದು. ಅದಕ್ಕಿಂತ ದೊಡ್ಡದು ಬೇಡ. ಖಾಲಿ ಜಾಲರಿ ಕಾಯಿಸಲು ಸುಮ್ನೆ ಇದ್ದಿಲು ಸುಡುತ್ತೀರಿ.

ಅಂಗಡಿಗೆ ಹೋದಾಗ ಹೊರಗಿನ ಬಣ್ಣ ನೋಡಬೇಡಿ. ಬೋಗುಣಿಯ ಮಧ್ಯಕ್ಕೆ ಹೆಬ್ಬೆರಳಿಟ್ಟು ಒತ್ತಿ. ಡಬ್ಬದ ತಗಡಿನ ಹಾಗೆ ಒಳಕ್ಕೆ ಹೋಗಿ ಟಕ್ ಅಂತ ವಾಪಸ್ ಬಂದರೆ ಅದು ನಾಲ್ಕಾರು ಸಲದ ಕಾವಿಗೇ ಸೊಟ್ಟಗಾಗುತ್ತದೆ. ಅಂಗಡಿಯವರು ಗೇಜ್ ಲೆಕ್ಕ ಹೇಳಿದರೆ ನೆನಪಿಡಿ: ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. 18 ಗೇಜ್ ಅಂದರೆ ಹೆಚ್ಚುಕಡಿಮೆ 1.2 ಮಿಲಿಮೀಟರ್, 22 ಗೇಜ್ ಅಂದರೆ ಮುಕ್ಕಾಲು ಮಿಲಿಮೀಟರ್. ಮುಚ್ಚಳ ಹಾಕಿ ಸುತ್ತ ಕಣ್ಣಾಡಿಸಿ, ದೊಡ್ಡ ಸಂದು ಕಂಡರೆ ಬಿಟ್ಟುಬಿಡಿ. ಕಿಂಡಿಯ ತಗಡನ್ನು ಎಳೆದು ನೋಡಿ. ಹೊಸದರಲ್ಲೇ ಬಿಗಿಯಾಗಿದ್ದರೆ ಮಳೆಗಾಲ ಮುಗಿಯುವ ಹೊತ್ತಿಗೆ ತುಕ್ಕು ಹಿಡಿದು ಅಲ್ಲೇ ಕೂರುತ್ತದೆ. ಕೆಂಡದ ಜಾಲರಿಗೂ ಮೇಲಿನ ಜಾಲರಿಗೂ ನಾಲ್ಕೈದು ಇಂಚು ಅಂತರ ಇರಬೇಕು.

ಸ್ಟೀಲಿನ ಗುಣ ನೋಡಲು ಕೆಲವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಒಳ್ಳೆಯ 304 ದರ್ಜೆಯ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, ಬೇಗ ತುಕ್ಕು ಹಿಡಿಯುವ 202ಕ್ಕೂ ಅಂಟುವುದಿಲ್ಲ.

ತಾರಸಿಯಲ್ಲಿ ಇಡುವಾಗ ಕೆಳಗೆ ಇಟ್ಟಿಗೆ ಅಥವಾ ಸಿಮೆಂಟ್ ಹಲಗೆ ಹಾಸಿ. ನೀರು ಸೋರದ ಹಾಗೆ ಹಚ್ಚಿರುವ ಲೇಪ ಕಾವಿಗೆ ಉಬ್ಬುತ್ತದೆ. ನೀರಿನ ಟ್ಯಾಂಕ್, ಪೈಪು, ಸೋಲಾರ್, ಬಟ್ಟೆ ಒಣಗಿಸುವ ಹಗ್ಗ ಇವುಗಳಿಂದ ಹತ್ತು ಅಡಿ ದೂರ ಇರಲಿ.

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮ ಊರು. ವರ್ಷತೊಡಕಿಗೆ ಅಣ್ಣತಮ್ಮಂದಿರ ಮನೆಯವರೆಲ್ಲ ಸೇರಿದರೆ ಇಪ್ಪತ್ತೈದು ಜನ ಆಗುತ್ತೇವೆ. ಅಷ್ಟು ದೊಡ್ಡದು ಕೊಳ್ಳುವ ಬದಲು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸೋಣ ಅಂತಿದ್ದೇವೆ. ಮನೆಯಲ್ಲಿ ಒಂದು ಹಳೇ ಆಯಿಲ್ ಡ್ರಮ್ಮೂ ಇದೆ. ಅದನ್ನೇ ಸೀಳಿಸಬಹುದಾ?

ಮಾಡಿಸುವ ಯೋಚನೆ ಬಹಳ ಒಳ್ಳೆಯದು. ಅಷ್ಟು ಜನಕ್ಕೆ ಮನೆ ಬಳಕೆಯ ಬಾರ್ಬೆಕ್ಯೂ ಸಾಲುವುದೇ ಇಲ್ಲ. ಆದರೆ ಡ್ರಮ್ಮು ಬಿಡಿ. ಒಳಗೆ ಏನಿತ್ತು ಅನ್ನುವುದು ಸರಿಯಾಗಿ ಗೊತ್ತಿಲ್ಲದ ಡ್ರಮ್ಮಿನ ಮೇಲೆ ಅಡುಗೆ ಮಾಡಬಾರದು. ಸೀಳುವಾಗಲೂ ಅಪಾಯ ಇದೆ. ತಳದಲ್ಲಿ ಉಳಿದ ಎಣ್ಣೆಯ ಆವಿಗೆ ಗ್ಯಾಸ್ ಕಟರಿನ ಕಿಡಿ ತಾಗಿದರೆ ಡ್ರಮ್ಮು ಸಿಡಿಯುತ್ತದೆ. ಖಾಲಿ ಡ್ರಮ್ಮು ಅಂತ ಸಲೀಸಾಗಿ ತೆಗೆದುಕೊಳ್ಳಬೇಡಿ, ಪ್ರಾಣ ಹೋಗುವ ವಿಷಯ.

ವೆಲ್ಡಿಂಗ್ ಅಂಗಡಿಯವರಿಗೆ ಹೀಗೆ ಹೇಳಿ. ಎಂಎಸ್ ಶೀಟು, ಅಂದರೆ ಲೇಪ ಇಲ್ಲದ ಸಾದಾ ಉಕ್ಕಿನ ತಗಡು, ದಪ್ಪ ಎರಡರಿಂದ ಮೂರು ಮಿಲಿಮೀಟರ್. ಉದ್ದ ಮೂರು ಅಡಿ, ಅಗಲ ಹದಿನಾಲ್ಕು ಇಂಚು, ಆಳ ಎಂಟು ಇಂಚು. ತಳದಿಂದ ಎರಡು ಇಂಚು ಮೇಲೆ ಕಂಬಿಯ ಜಾಲರಿ, ಇದ್ದಿಲು ಕೂರುವುದು ಅದರ ಮೇಲೆ. ಈ ಎರಡು ಇಂಚನ್ನು ಬಿಟ್ಟುಬಿಟ್ಟರೆ ಒಲೆ ಕೆಟ್ಟ ಹಾಗೆಯೇ. ಇದ್ದಿಲು ನೇರ ತಳದ ಮೇಲೆ ಕೂತರೆ ಅರ್ಧ ಗಂಟೆಯಲ್ಲಿ ಅದರದ್ದೇ ಬೂದಿ ಅದರ ಉಸಿರು ಕಟ್ಟುತ್ತದೆ. ಆಮೇಲೆ ಮನೆಯ ಗಂಡಸರೆಲ್ಲ ಮೊರ ಹಿಡಿದು ಬೀಸುತ್ತಾ ನಿಲ್ಲಬೇಕು, ಬೂದಿಯೆಲ್ಲ ಮಾಂಸದ ಮೇಲೆ. ಎರಡೂ ತುದಿಗೆ ಕೆಳಗಡೆ ಅಂಗೈಯಗಲದ ಕಿಂಡಿ, ಅದಕ್ಕೆ ಜಾರುವ ಬಾಗಿಲು ಇರಲಿ. ಬೂದಿ ಎಳೆಯಲೂ ಅದೇ ದಾರಿ.

ಮೇಲಿನ ಜಾಲರಿಯನ್ನು ಎರಡು ತುಂಡಾಗಿ ಮಾಡಿಸಿ. ಒಂದನ್ನು ಎತ್ತಿ ಇದ್ದಿಲು ಹಾಕುವಾಗ ಇನ್ನೊಂದರ ಮೇಲೆ ಸುಡುವುದು ನಡೆಯುತ್ತಿರುತ್ತದೆ. ಆರು ಮಿಲಿಮೀಟರ್ ಸ್ಟೇನ್‌ಲೆಸ್ ಕಂಬಿ, ನಡುವೆ ಅರ್ಧ ಇಂಚು ಬಿಡುವು. ಎತ್ತರ ಎರಡೂ ಮುಕ್ಕಾಲು ಅಡಿ. ಇದಕ್ಕಿಂತ ತಗ್ಗಾದರೆ ಇಪ್ಪತ್ತೈದು ಜನಕ್ಕೆ ಸುಡುವವರ ಸೊಂಟ ಬಿದ್ದುಹೋಗುತ್ತದೆ.

ಎರಡು ವಸ್ತು ಬೇಡವೇ ಬೇಡ. ಜಿಐ ಶೀಟು ಮತ್ತು ಒಳಗಡೆ ಬಣ್ಣ. ಜಿಐ ಅಂದರೆ ಸತು ಲೇಪಿಸಿದ ತಗಡು. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ಕೆಂಡದ ಕಾವು ಅದಕ್ಕಿಂತ ಎಷ್ಟೋ ಜಾಸ್ತಿ. ಆಗ ಏಳುವ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆ ಆದ ಮೇಲೆ ಚಳಿ ಜ್ವರ, ಮೈಕೈ ನೋವು ಬರುತ್ತದೆ. ವೆಲ್ಡಿಂಗ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು, ಕೇಳಿ ನೋಡಿ. ತುಕ್ಕು ಹಿಡಿಯುವುದಿಲ್ಲ ಅಂತ ಯಾರಾದರೂ ಜಿಐ ಶೀಟನ್ನೇ ಹೊಗಳಿದರೆ ಒಪ್ಪಬೇಡಿ. ಎಂಎಸ್ ಶೀಟಿಗೆ ಒಳಗೂ ಹೊರಗೂ ಕಡಲೆಕಾಯಿ ಎಣ್ಣೆ ತೆಳ್ಳಗೆ ಸವರಿ ಒಂದು ಸಲ ಚೆನ್ನಾಗಿ ಕೆಂಡ ಹಾಕಿ ಕಾಯಿಸಿ. ಕಬ್ಬಿಣದ ದೋಸೆ ಕಾವಲಿ ಪಳಗಿಸುವುದೂ ಹೀಗೇ ತಾನೇ. ಪ್ರತಿ ಸಲ ಬಳಸಿದ ಮೇಲೆ ಬೂದಿ ತೆಗೆದು ಒಂದು ಕೈ ಎಣ್ಣೆ ಒರೆಸಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ.

ಒಲೆ ಎಲ್ಲಿ ಇಡುತ್ತೀರಿ ಅನ್ನುವುದನ್ನು ಬರೆದಿಲ್ಲ. ಹುಲ್ಲಿನ ಮೆದೆ, ತೆಂಗಿನ ಗರಿಯ ರಾಶಿ, ಕಬ್ಬಿನ ಗದ್ದೆ ಹತ್ತಿರ ಬೇಡ. ಆ ಹೊತ್ತಿಗೆ ಕಬ್ಬಿನ ತರಗು ಗರಗರ ಒಣಗಿರುತ್ತದೆ, ಒಂದು ಕಿಡಿ ಸಾಕು. ಎರಡು ಬಿಂದಿಗೆ ನೀರು ಪಕ್ಕದಲ್ಲೇ ಇರಲಿ. ಎರಡು ಮೂರು ಗಂಟೆ ಸುಡಲು ಐದಾರು ಕೆಜಿ ಇದ್ದಿಲು ಬೇಕಾಗುತ್ತದೆ.

ನಾಟಿ ಕೋಳಿಯನ್ನು ಹಸಿಯಾಗಿ ಜಾಲರಿಗೆ ಹಾಕಬೇಡಿ, ಅದು ಕೆಂಡದ ಮೇಲೆ ಚಕ್ಕಳ ಆಗುತ್ತದೆ. ಮುಕ್ಕಾಲು ಬೇಯಿಸಿ, ಆಮೇಲೆ ಬಣ್ಣಕ್ಕೆ ಮಾತ್ರ ಸುಡಿ. ಬೇಯಿಸಿದ ನೀರು ಸಾರಿಗೆ ಆಗುತ್ತದೆ. ಫಾರಂ ಕೋಳಿ ನೇರ ಹಾಕಬಹುದು. ಮೂಳೆ ಪಕ್ಕದ ಮಾಂಸ 74 ಡಿಗ್ರಿ ಮುಟ್ಟಿದರೆ ಬೆಂದಿದೆ ಅಂತ ಲೆಕ್ಕ. ಚುಚ್ಚಿ ನೋಡುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇಪ್ಪತ್ತೈದು ಜನಕ್ಕೆ ಕತ್ತಲಲ್ಲಿ ಬಡಿಸುವಾಗ ಕಣ್ಣಳತೆ ನಂಬುವುದಕ್ಕಿಂತ ಅದು ವಾಸಿ.

ಪ್ರಶ್ನೆ: ವಿಜಯನಗರದಲ್ಲಿ ಮೂರನೇ ಮಹಡಿಯ ಫ್ಲಾಟ್ ನಮ್ಮದು. ಬಾಲ್ಕನಿ ದೊಡ್ಡದಾಗಿದೆ, ಗಾಳಿಯೂ ಚೆನ್ನಾಗಿ ಆಡುತ್ತದೆ. ಪುಟ್ಟ ಇದ್ದಿಲ ಬಾರ್ಬೆಕ್ಯೂ ಇಡಬಹುದಾ?

ಇಡಬೇಡಿ. ಪುಟ್ಟದಾದರೂ ಕಿಡಿ ಹಾರುತ್ತದೆ, ಮೇಲಿನ ಮನೆಯವರ ಬಟ್ಟೆ, ಪರದೆ ಕೆಲವೇ ಅಡಿ ದೂರ. ಗಾಳಿ ತಿರುಗಿದರೆ ಹೊಗೆ ನಿಮ್ಮ ಹಾಲಿಗೇ ಬರುತ್ತದೆ, ಜೊತೆಗೆ ಕಣ್ಣಿಗೆ ಕಾಣದ ವಿಷಾನಿಲವೂ. ಬಾಲ್ಕನಿಗೆ ಕರೆಂಟಿನ ಗ್ರಿಲ್ ತೆಗೆದುಕೊಳ್ಳಿ. ಇದ್ದಿಲೇ ಬೇಕು ಅನ್ನಿಸಿದರೆ ಅಸೋಸಿಯೇಷನ್‌ನವರನ್ನು ಕೇಳಿ ತಾರಸಿಗೆ ಹೋಗಿ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಸರಸ್ವತಿಪುರಂನಲ್ಲಿ ಹಿತ್ತಲಿರುವ ಮನೆ. ಪನೀರ್ ಬಿಟ್ಟು ಇದರಲ್ಲಿ ನಮಗೇನಿದೆ? ಕೊಳ್ಳುವುದು ದಂಡ ಆಗುತ್ತದಾ?

ದಂಡ ಖಂಡಿತ ಆಗುವುದಿಲ್ಲ. ದೊಡ್ಡ ಗುಂಡು ಬದನೆಕಾಯಿಯನ್ನು ನೇರ ಕೆಂಡದ ಮೇಲಿಟ್ಟು, ಸಿಪ್ಪೆ ಕರಕಾಗಿ ಒಳಗೆ ಬೆಣ್ಣೆಯಾಗುವವರೆಗೆ ಬಿಟ್ಟು, ಗೊಜ್ಜು ಮಾಡಿ ನೋಡಿ. ಗ್ಯಾಸ್ ಮೇಲೆ ಸುಟ್ಟದ್ದಕ್ಕೂ ಇದಕ್ಕೂ ಅಜಗಜಾಂತರ. ಮುಸುಕಿನ ಜೋಳವನ್ನು ಸಿಪ್ಪೆ ಸಮೇತ ಸುಡಿ. ಸಿಹಿಗೆಣಸನ್ನು ಆರುವ ಕೆಂಡದ ಬೂದಿಯಲ್ಲಿ ಹೂತು ಮುಕ್ಕಾಲು ಗಂಟೆ ಮರೆತುಬಿಡಿ.

ನಿಮಗೆ ಮುಚ್ಚಳ ಬೇಡ, ದೊಡ್ಡ ಗಾತ್ರವೂ ಬೇಡ. ಎರಕದ ಕಬ್ಬಿಣದ ಪುಟ್ಟ ಅಗ್ಗಿಷ್ಟಿಕೆ ಥರದ್ದು ಸಾಕು. ಭಾರ ಇರುತ್ತದೆ, ಆದರೆ ಹಿತ್ತಲಲ್ಲಿ ಒಂದೇ ಕಡೆ ಇರುವುದಲ್ವಾ. ಕಾದಾಗ ತಣ್ಣೀರು ಮಾತ್ರ ಸುರಿಯಬೇಡಿ, ಎರಕ ಬಿರುಕು ಬಿಡುತ್ತದೆ.

ಪ್ರಶ್ನೆ: ಯಾವ ಇದ್ದಿಲು ತರಬೇಕು? ಒಂದು ಸಲ ತಂದದ್ದು ಬರೀ ಹೊಗೆ. ಇನ್ನೊಂದು ಸಲ ತಂದದ್ದು ಪಟಪಟ ಸಿಡಿಯಿತು. ಹಚ್ಚಲು ಸೀಮೆಎಣ್ಣೆ ಬಿಟ್ಟು ಬೇರೆ ದಾರಿ ಇದೆಯಾ?

ಹೊಗೆಯಾಡಿದ್ದು ಅರೆಬೆಂದ ಇದ್ದಿಲು. ಮುರಿದರೆ ಒಳಗೆ ಕಂದು ಬಣ್ಣ ಕಾಣುತ್ತದೆ, ಅಲ್ಲಿ ಇನ್ನೂ ಸೌದೆಯೇ ಉಳಿದಿದೆ. ಸಿಡಿದದ್ದು ಹೆಚ್ಚಾಗಿ ತೇವ ಹಿಡಿದದ್ದು. ಒಳ್ಳೆಯ ಇದ್ದಿಲು ಕೈಗೆ ಹಗುರ. ಎರಡು ತುಂಡು ತಾಗಿಸಿದರೆ ಟಣ್ ಅನ್ನುತ್ತದೆ, ಮುರಿದ ಜಾಗ ಕರ್ರಗೆ ಹೊಳೆಯುತ್ತದೆ. ನಮ್ಮ ಕಡೆ ಬಳ್ಳಾರಿ ಜಾಲಿ ಮತ್ತು ಸರ್ವೆ ಮರದ ಇದ್ದಿಲು ಸಿಗುತ್ತದೆ. ಜಾಲಿಯದ್ದು ಗಟ್ಟಿ, ತುಂಬಾ ಹೊತ್ತು ನಿಲ್ಲುತ್ತದೆ. ಎಲ್ಲಿ ಸಿಗುತ್ತದೆ ಅಂತ ನಿಮ್ಮ ಬೀದಿಯ ಇಸ್ತ್ರಿ ಗಾಡಿಯವರನ್ನು ಕೇಳಿ. ಇದ್ದಿಲ ಪೆಟ್ಟಿಗೆ ಬಳಸುವವರಾದರೆ ದಿನಾ ಅದೇ ವ್ಯವಹಾರ, ಒಳ್ಳೆಯ ಮಾಲು ಎಲ್ಲಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ತೆಂಗಿನ ಚಿಪ್ಪಿನ ಇದ್ದಿಲು ಕಾವಿನಲ್ಲಿ ಎಲ್ಲಕ್ಕಿಂತ ಮುಂದೆ, ಆದರೆ ಚೂರು ಸಣ್ಣ. ಜಾಲರಿ ಸಂದಿನಲ್ಲಿ ಉದುರಿ ಹೋಗುತ್ತದೆ. ಮರದ ಇದ್ದಿಲು ಕೆಳಗೆ ಹಾಕಿ ಅದರ ಮೇಲೆ ಸ್ವಲ್ಪ ಹರಡಿದರೆ ಸರಿಹೋಗುತ್ತದೆ. ಇದ್ದಿಲ ಪುಡಿಯನ್ನು ಅಚ್ಚು ಹಾಕಿದ ಬ್ರಿಕೆಟ್ ಒಂದೇ ಹದದಲ್ಲಿ ನಿಧಾನವಾಗಿ ಉರಿಯುತ್ತದೆ, ಹಾಗಾಗಿ ಮುಚ್ಚಳ ಹಾಕಿ ಎರಡು ಗಂಟೆ ಬೇಯಿಸುವ ಅಡುಗೆಗೆ ಅದೇ ಒಳ್ಳೆಯದು. ಆದರೆ ಬೂದಿ ಜಾಸ್ತಿ.

ಸೀಮೆಎಣ್ಣೆ ಬಿಡಿ, ಅದರ ವಾಸನೆ ಮಾಂಸದಿಂದ ಹೋಗುವುದಿಲ್ಲ. ಪೆಟ್ರೋಲಿನ ಮಾತೇ ಬೇಡ. ಚಿಮಣಿ ಅಂತ ಒಂದು ಸಾಧನ ಇದೆ. ಎರಡೂ ಕಡೆ ತೆರೆದ ತಗಡಿನ ಕೊಳವೆ, ಕೆಳಗೆ ಜಾಲರಿ, ಪಕ್ಕಕ್ಕೊಂದು ಹಿಡಿ. ಇದ್ದಿಲು ಮೇಲೆ ತುಂಬಿ, ಕೆಳಗೆ ಎರಡು ಹಾಳೆ ಪೇಪರ್ ಅಥವಾ ಒಣ ತೆಂಗಿನ ನಾರು ಇಟ್ಟು ಕಡ್ಡಿ ಗೀರಿ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತಾ ಕೆಳಗಿನಿಂದ ಹೊಸ ಗಾಳಿ ಎಳೆಯುತ್ತದೆ. ಬೀಸುವ ಕೆಲಸವೇ ಇಲ್ಲ. ಹದಿನೈದು ಇಪ್ಪತ್ತು ನಿಮಿಷಕ್ಕೆ ಮೇಲಿನ ತುಂಡುಗಳ ಅಂಚಿಗೆ ಬೂದಿ ಬಣ್ಣ ಬರುತ್ತದೆ, ಆಗ ಸುರಿಯಿರಿ. ಬಾರ್ಬೆಕ್ಯೂಗೆ ದುಡ್ಡು ಸ್ವಲ್ಪ ಕಮ್ಮಿ ಹಾಕಿದರೂ ಸರಿ, ಚಿಮಣಿ ಮಾತ್ರ ಕೊಳ್ಳಿ.

ಕಾವು ನೋಡಲು ಅಂಗೈಯನ್ನು ಜಾಲರಿಯಿಂದ ಒಂದು ಗೇಣು ಮೇಲೆ ಹಿಡಿದು ಎಣಿಸಿ. ಎರಡು ಮೂರಕ್ಕೆ ಕೈ ಎಳೆದುಕೊಂಡರೆ ಜೋರು ಕಾವು. ಐದಾರು ಎಣಿಸುವವರೆಗೆ ತಡೆದರೆ ಮಧ್ಯಮ, ಕೋಳಿಗೆ ಅದೇ ಹದ. ಉಳಿದ ಇದ್ದಿಲನ್ನು ಮುಚ್ಚಳದ ಡಬ್ಬದಲ್ಲಿ ಇಡಿ. ಮಳೆಗಾಲದಲ್ಲಿ ಗೋಣಿಚೀಲದಲ್ಲೇ ಬಿಟ್ಟರೆ ಮತ್ತೆ ಪಟಪಟ ಸಿಡಿಯುತ್ತದೆ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು, ಎರಡು ಬೈಕು. ಕೆಆರ್‌ಎಸ್ ಹಿನ್ನೀರು, ಬಂಡೀಪುರ ಕಡೆ ಟೆಂಟ್ ಹಾಕುವ ಯೋಚನೆ. ಬೈಕಿನಲ್ಲಿ ಒಯ್ಯಲು ಯಾವುದು ಸರಿ? ಡಿಸೆಂಬರ್ ಚಳಿಗೆ ಉಳಿದ ಕೆಂಡವನ್ನು ಟೆಂಟಿನೊಳಗೆ ಇಟ್ಟುಕೊಳ್ಳಬಹುದಾ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಇಟ್ಟುಕೊಳ್ಳಬೇಡಿ. ಕೆಂಡ ಬೂದಿ ಮುಚ್ಚಿ ಆರಿದ ಹಾಗೆ ಕಂಡರೂ, ಟೆಂಟಿನ ಜಿಪ್ ಅರ್ಧ ತೆರೆದಿದ್ದರೂ ಬೇಡ. ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳಸು. ಊಟ ಜಾಸ್ತಿ ಆಯ್ತು ಅಂದುಕೊಂಡು ಮಲಗುತ್ತಾರೆ, ಏಳುವುದಿಲ್ಲ. ಕಾರಿನೊಳಗೂ ಇದೇ ಕಥೆ, ಮುಚ್ಚಿದ ಕೋಣೆಯಲ್ಲೂ ಇದೇ. ಯಾರಿಗಾದರೂ ಹೀಗಾದರೆ ತಕ್ಷಣ ಹೊರಗಿನ ಗಾಳಿಗೆ ಎಳೆದು 108ಕ್ಕೆ ಫೋನ್ ಮಾಡಿ. ಚಳಿಗೆ ಇನ್ನೊಂದು ಕಂಬಳಿ ಕಟ್ಟಿಕೊಂಡು ಹೋಗಿ.

ಎರಡನೆಯದು ಜಾಗ. ಕಾಡಿನೊಳಗೆ, ಕಾಡಿನ ಅಂಚಿನಲ್ಲಿ ಬೆಂಕಿ ಹಚ್ಚಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಶಿಕ್ಷೆ ಇದೆ. ಶಿಕ್ಷೆಯ ಮಾತು ಹಾಗಿರಲಿ, 2019ರ ಫೆಬ್ರವರಿಯಲ್ಲಿ ಬಂಡೀಪುರ ದಿನಗಟ್ಟಲೆ ಹೊತ್ತಿ ಉರಿದದ್ದನ್ನು ನಾವೆಲ್ಲ ನೋಡಿದ್ದೇವೆ. ಹಿನ್ನೀರಿನ ದಡದಲ್ಲೂ ಕಂಡ ಕಂಡಲ್ಲಿ ಟೆಂಟ್ ಹಾಕಬೇಡಿ. ಒಪ್ಪಿಗೆ ಕೊಡುವ ತೋಟದವರು, ಹೋಂಸ್ಟೇಯವರು ಇದ್ದಾರೆ. ಅವರು ತೋರಿಸಿದ ಬಯಲಿನಲ್ಲಿ ಒಣಹುಲ್ಲು ಕೆರೆದು, ಬರಿ ಮಣ್ಣಿನ ಮೇಲೆ ಇಡಿ.

ಇಷ್ಟಾದ ಮೇಲೆ ಬಾರ್ಬೆಕ್ಯೂ. ನಿಮಗೆ ಮಾತ್ರ ನಾನು ಮಡಚುವ ಸ್ಟೀಲಿನದ್ದನ್ನೇ ಹೇಳುತ್ತೇನೆ. ಮಡಚಿದರೆ ಪುಸ್ತಕದಷ್ಟು ತೆಳ್ಳಗಾಗುವ ಮಾದರಿ ಬ್ಯಾಗಿನ ಬೆನ್ನಿಗೆ ಸೇರುತ್ತದೆ, ನಾಲ್ಕು ಜನಕ್ಕೆ ಎರಡು ಸುತ್ತಿನಲ್ಲಿ ಸುಡಬಹುದು. ಅಂಗಡಿಯಲ್ಲೇ ಬಿಡಿಸಿ, ನೆಲದ ಮೇಲಿಟ್ಟು ಅಲ್ಲಾಡಿಸಿ. ಕಾಲು ಓಲಾಡಿದರೆ ಬೇಡ. ದಡದಲ್ಲಿ ಗಾಳಿ ಜೋರು, ಅದರಲ್ಲಿ ಗಾಳಿ ತಡೆಯಲು ಏನೂ ಇರುವುದಿಲ್ಲ. ಹಾಗಾಗಿ ಗಾಳಿ ಬೀಸುವ ಕಡೆಗೆ ಮೂರು ಕಲ್ಲು ಸಾಲಾಗಿ ಇಟ್ಟರೆ ಕೆಂಡ ಹದದಲ್ಲಿರುತ್ತದೆ. ಒಂದೂವರೆ ಕೆಜಿ ಇದ್ದಿಲನ್ನು ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ತುಂಬಿಕೊಂಡು ಹೋಗಿ.

ಊಟ ಮುಗಿದ ಮೇಲೆ ಕೆಂಡವನ್ನು ಮರಳಲ್ಲಿ ಹೂಳಬೇಡಿ. ಮೇಲೆ ತಣ್ಣಗೆ ಕಂಡರೂ ಒಳಗೆ ಬೆಳಗಿನವರೆಗೂ ಕಾವು ಇರುತ್ತದೆ, ಆಡಲು ಬಂದ ಮಕ್ಕಳ ಕಾಲು ಸುಡುತ್ತದೆ. ನಿಧಾನಕ್ಕೆ ನೀರು ಹಾಕಿ, ಕಡ್ಡಿಯಿಂದ ಕಲಸಿ, ಮತ್ತೆ ನೀರು ಹಾಕಿ. ಕೈ ಹತ್ತಿರ ಹಿಡಿದಾಗ ಬಿಸಿ ತಾಗದಷ್ಟು ತಣ್ಣಗಾದ ಮೇಲೆ ಅದೇ ಸ್ಟೀಲ್ ಡಬ್ಬಕ್ಕೆ ತುಂಬಿ ಊರಿಗೆ ವಾಪಸ್ ತನ್ನಿ. ಬರೀ ಮರದ ಇದ್ದಿಲಿನ ಬೂದಿಯಾದರೆ ತೆಂಗಿನ ಮರದ ಬುಡಕ್ಕೆ ಹಾಕಬಹುದು.